ಐದು ತುಂಡಿನಲ್ಲಿ ಪೈಥಾಗೊರಸ್

ಲಂಬಕೋನ ತ್ರಿಭುಜದ ಎರಡು ಬಾಹುಗಳ ಮೇಲಿನ ಚೌಕಗಳು ಸೇರಿ ವಿಕರ್ಣದ (ಲಂಬಕೋನದ ಎದುರು ಬದಿಯ) ಮೇಲಿನ ಚೌಕಕ್ಕೆ ಸಮ ಎಂಬ ಪೈಥಾಗೊರಸ್ ಪ್ರಮೇಯವನ್ನು ತರಗತಿಯಲ್ಲಿ ತೋರಿಸುವ ಮಾದರಿ ಇದು. ಬಾಹು 6 ಮತ್ತು 8 ಸೆಂ.ಮೀ., ವಿಕರ್ಣ 10. ಎರಡು ಸಣ್ಣ ಚೌಕಗಳನ್ನು ಐದೇ ತುಂಡು ಮಾಡಿ ವಿಕರ್ಣದ ಚೌಕದಲ್ಲಿ ಕೂರಿಸುವ ಈ ವಿಧಾನ 19ನೇ ಶತಮಾನದ ಇಂಗ್ಲೆಂಡಿನ ಹೆನ್ರಿ ಪೆರಿಗಲ್ ಅವರದು. ಅವರ ಸಮಾಧಿ ಕಲ್ಲಿನ ಮೇಲೂ ಇದೇ ಚಿತ್ರ ಕೆತ್ತಿದ್ದಾರೆ.

ಕಡೂರು, ಅರಸೀಕೆರೆ ಕಡೆ ದಪ್ಪ ರಟ್ಟು ಸಾಕು. ಮೂಡಿಗೆರೆ, ಸಕಲೇಶಪುರದ ಮಳೆಗಾಲಕ್ಕೆ ರಟ್ಟು ಆಗಿಬರುವುದಿಲ್ಲ: ತೇವ ಎಳೆದುಕೊಂಡು ಅಂಚು ಉಬ್ಬುತ್ತದೆ, ಬೇಸಿಗೆಯಲ್ಲಿ ಸರಿಯಾಗಿ ಕೂತ ತುಂಡು ಜುಲೈಯಲ್ಲಿ ಕೂರುವುದಿಲ್ಲ. ಅಲ್ಲಿಗೆ ಫ್ಲೆಕ್ಸ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ, ತೇವ ಹೀರದ ಪ್ಲಾಸ್ಟಿಕ್ ಹಲಗೆಯಾದ ಸನ್‌ಬೋರ್ಡಿನ ಚೂರು ಕೇಳಿ ತನ್ನಿ. ಜೊತೆಗೆ ಸ್ಟೀಲ್ ಸ್ಕೇಲು, ಕಟರ್, ಸೆಟ್‌ಸ್ಕ್ವೇರ್, 220 ನಂಬರಿನ ಸ್ಯಾಂಡ್‌ಪೇಪರ್, ಫೆವಿಕ್ವಿಕ್. ಫೆವಿಕಾಲ್ ಸನ್‌ಬೋರ್ಡಿಗೆ ಹಿಡಿಯುವುದಿಲ್ಲ.

6ರ ಚೌಕ ಇಡಿಯಾಗಿರಲಿ. 8ರ ಚೌಕದ ಒಂದು ಮೂಲೆಯಿಂದ ಹೊರಟು, ಒಂದೇ ದಿಕ್ಕಿನಲ್ಲಿ ಸುತ್ತುತ್ತಾ, ಪ್ರತಿ ಬದಿಯಲ್ಲೂ 7 ಸೆಂ.ಮೀ.ಗೆ ಗುರುತು ಹಾಕಿ (7 ಅಂದರೆ 8 ಮತ್ತು 6ರ ಸರಾಸರಿ). ಎದುರುಬದುರು ಗುರುತುಗಳನ್ನು ಸೇರಿಸಿ. ಎರಡೂ ಗೆರೆ ಸರಿಯಾಗಿ 10 ಸೆಂ.ಮೀ. ಇರಬೇಕು, ನಡುವೆ ಒಂದನ್ನೊಂದು ಲಂಬವಾಗಿ ದಾಟಬೇಕು. ಒಂದು ಗೆರೆ 8 ಬಂತೆಂದರೆ ಒಂದು ಬದಿಯಲ್ಲಿ ತಿರುಗಾಮುರುಗಾ ಅಳೆದಿದ್ದೀರಿ.

ಕಟರನ್ನು ನೆಟ್ಟಗೆ ಹಿಡಿದು, ಈ ಎರಡು ಗೆರೆಗಳ ಮೇಲೆ ಮೂರು ಸಲ ಹಗುರವಾಗಿ ಎಳೆಯಿರಿ. ಒಂದೇ ಏಟಿಗೆ ಒತ್ತಿದರೆ ಬ್ಲೇಡು ವಾಲಿ ಅಂಚು ಓರೆಯಾಗುತ್ತದೆ. ಮೇಲಿಂದ ನೋಡಿದರೆ ಸರಿ, ಜೋಡಿಸಿದರೆ ಸಂದು. ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಒಂದೆರಡು ಸಲ ಮಾತ್ರ ಉಜ್ಜಿ. ತುಂಡುಗಳನ್ನು ಕೂರಿಸಲು ಅಂಚು ಕಟ್ಟಿದ ಒಂದು ಚೌಕದ ತಟ್ಟೆ ಮಾಡಿ, ಅದರ ಒಳ ಅಳತೆ 10.1 ಸೆಂ.ಮೀ. ಇರಲಿ. ಸರಿಯಾಗಿ 10 ಮಾಡಿದರೆ ತುಂಡು ಸಿಕ್ಕಿಹಾಕಿಕೊಳ್ಳುತ್ತದೆ, 10.3 ಮಾಡಿದರೆ "ಜಾಗ ಉಳೀತಲ್ಲ ಸಾರ್!" ಎಂಬ ಮಾತು ಬಂದೇ ಬರುತ್ತದೆ.

ಮಕ್ಕಳಿಗೆ ಮೊದಲು 8ರ ಚೌಕದ ನಾಲ್ಕು ತುಂಡನ್ನಷ್ಟೇ ಕೊಡಿ. ಪ್ರತಿ ತುಂಡಿನಲ್ಲೂ ಎರಡು ಲಂಬಕೋನ ಇರುವುದೇ ಇದರ ಕಿತಾಪತಿ. ಬಹಳ ಮಂದಿ 7 ಮತ್ತು 1ರ ಬದಿ ಕೂಡುವ ಮೂಲೆಯನ್ನೇ ಹೊರಗಿಡುತ್ತಾರೆ, ಮತ್ತೆ ಹಳೆಯ 8ರ ಚೌಕವೇ ಆಗುತ್ತದೆ. ಎರಡು 5ರ ಬದಿ ಕೂಡುವ ಮೂಲೆ ತಟ್ಟೆಯ ಮೂಲೆಗೆ ಹೋಗಬೇಕು. ಆಗ ನಡುವೆ 7ರಲ್ಲಿ 1 ಕಳೆದ 6ರ ಚೌಕ ಖಾಲಿ ಉಳಿಯುತ್ತದೆ. ಐದನೆಯ ತುಂಡು, ಅಂದರೆ ಇಡಿಯಾಗಿಟ್ಟ 6ರ ಚೌಕ, ಆಗ ಕೈಗೆ ಕೊಡಿ.

ಇಷ್ಟೇ ಮಾಡಿ ಬಿಟ್ಟರೆ 6-8-10ಕ್ಕೆ ಮಾತ್ರ ಹೀಗೆ ಅಂದುಕೊಳ್ಳುತ್ತಾರೆ. 5 ಮತ್ತು 7ರ ಇನ್ನೊಂದು ಸೆಟ್ ಮಾಡಿಡಿ: 7ರ ಚೌಕದಲ್ಲಿ ಗುರುತು 6ಕ್ಕೆ, ಗೆರೆಯ ಉದ್ದ ಸುಮಾರು 8.6, ತಟ್ಟೆ 8.7.