ಘಟ್ಟದ ಮೇಲೆ ಇನ್ನೂರು ಲೀಟರ್ ಸಮುದ್ರ

ನನ್ನದು ಮೂಡಿಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ತೋಟದವರ ಪಂಪ್‌ಸೆಟ್ಟು, ಬೋರ್‌ವೆಲ್ ಮೋಟಾರು, ಮಿಕ್ಸಿ, ಎಲ್ಲ ಬಿಚ್ಚಿ ಕಟ್ಟುವ ಕೆಲಸ. ಆರು ವರ್ಷದಿಂದ ನಡುಮನೆಯಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಸಾಕುತ್ತಿದ್ದೇನೆ. ಮೀನಿನ ಜೊತೆ ಜೀವಂತ ಹವಳವೂ ಇರುವ ರೀಫ್ ಟ್ಯಾಂಕ್. ನೋಡಲು ಬಂದವರೆಲ್ಲ ಮೊದಲು ಕೇಳುವುದು ಖರ್ಚೆಷ್ಟಾಯಿತು ಅಂತ. ನಾನು ಅವರಿಗೆ ಮೊದಲು ಹೇಳುವುದು ಮಳೆಯ ವಿಷಯ. ಮಲೆನಾಡಿನಲ್ಲಿ ಈ ಟ್ಯಾಂಕ್ ಕಟ್ಟುವವರು ಜೂನ್, ಜುಲೈ, ಆಗಸ್ಟ್ ತಿಂಗಳನ್ನು ಕಣ್ಣಮುಂದೆ ಇಟ್ಟುಕೊಂಡೇ ಕಟ್ಟಬೇಕು. ನಾನು ಮೊದಲ ಸಲ ಕಟ್ಟಿದ್ದು ಮಾರ್ಚ್ ತಿಂಗಳಲ್ಲಿ, ಮಾರ್ಚ್ ತಿಂಗಳಿಗೆ ಸರಿಹೋಗುವ ಹಾಗೆ. ಅದಕ್ಕೆ ಬೆಲೆ ತೆತ್ತೆ.

ಗಾಜಿನ ತೊಟ್ಟಿ ಮೂರಡಿ ಉದ್ದ, ಅಗಲ ಮತ್ತು ಎತ್ತರ ಒಂದೂವರೆ ಅಡಿ, ಗಾಜು 10 ಮಿಲಿಮೀಟರ್ ದಪ್ಪ. ಅದರ ಕೆಳಗೆ ಎರಡಡಿಯ ಇನ್ನೊಂದು ತೊಟ್ಟಿ, ಸಂಪ್. ಮೇಲಿನ ನೀರು ಅಲ್ಲಿಗೆ ಇಳಿದು, ಸೋಸಿ, ಬೆಚ್ಚಗಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಕಲ್ಲಿನ ಜಾಗ ಕಳೆದರೆ ಎರಡೂ ಸೇರಿ ಇನ್ನೂರು ಲೀಟರ್ ನೀರು. ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಬೇಡವೆಂದು ಎರಡು ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ಮೂರಿಂಚಿನ ಕಾಂಕ್ರೀಟ್ ಹಲಗೆ ಹಾಕಿಸಿದೆ. ಉಪ್ಪುನೀರು ಸಿಡಿದು ಒಣಗಿದಲ್ಲೆಲ್ಲ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ, ಅದರ ಕೆಳಗಿನ ಕಬ್ಬಿಣ ನಮ್ಮ ಮಳೆಗಾಲದ ತೇವದಲ್ಲಿ ಬಹಳ ದಿನ ಬಾಳುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಾನು ಸ್ವಲ್ಪವೂ ರಾಜಿ ಮಾಡಿಕೊಂಡಿಲ್ಲ. ಟ್ಯಾಂಕಿನ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಬೇರೆಯೇ ಒಂದು ಸ್ವಿಚ್, ಆರ್‌ಸಿಸಿಬಿ, 30 ಮಿಲಿಆಂಪ್‌ನದು. ಉಪ್ಪುನೀರಿನಲ್ಲಿ ಹೀಟರಿನ ಗಾಜು ಬಿರುಕು ಬಿಟ್ಟಾಗ ನೀವು ಕೈ ಹಾಕಿದರೆ ಜೀವ ಉಳಿಸುವುದು ಅದೊಂದೇ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ವೈರಿನ ಗುಂಟ ಇಳಿದ ಹನಿ ಅಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಈ ಟ್ಯಾಂಕ್ ಇಡಲೇಬಾರದು.

ನನ್ನ ಹೊಟ್ಟೆಪಾಡಿನ ಲೋಹವೇ ಈ ಟ್ಯಾಂಕಿಗೆ ವಿಷ ಎಂಬುದನ್ನು ಅರಗಿಸಿಕೊಳ್ಳಲು ಸಮಯ ಹಿಡಿಯಿತು. ಹವಳ, ಸಿಗಡಿ, ಶಂಖದ ಹುಳು, ಇವಕ್ಕೆಲ್ಲ ತಾಮ್ರ ಆಗುವುದಿಲ್ಲ. ದಿನವಿಡೀ ತಾಮ್ರದ ತಂತಿ ಸುತ್ತುವ ಕೈ ನನ್ನದು. ಸಂಜೆ ಮೊಣಕೈವರೆಗೆ ತಿಕ್ಕಿ ತೊಳೆದು, ಉದ್ದನೆಯ ಕೈಗವಸು ಹಾಕದೆ ನೀರಿಗೆ ಕೈ ಇಳಿಸುವುದಿಲ್ಲ. ಹಿತ್ತಾಳೆಯ ನಲ್ಲಿ, ನಿಪ್ಪಲ್, ಕ್ಲಾಂಪ್ ಯಾವುದೂ ನೀರಿನ ದಾರಿಯಲ್ಲಿ ಇಲ್ಲ, ಎಲ್ಲವೂ ಪಿವಿಸಿ.

ನೀರು ತರಲು ಒಂದು ಸಲ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿದ್ದೆ. ಸಮುದ್ರ ಮೂರು ಗಂಟೆಯ ದಾರಿ, ಕ್ಯಾನಿನಲ್ಲಿ ತುಂಬಿಕೊಂಡು ಬಂದರಾಯಿತು ಎಂದುಕೊಂಡಿದ್ದೆ. ಸೆಪ್ಟೆಂಬರ್ ತಿಂಗಳು. ದಡದಲ್ಲೇ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೆ ಒಂದು ಹನಿ ಹಾಕಿ ನೋಡಿದರೆ ಲೀಟರಿಗೆ 35 ಗ್ರಾಂ ಉಪ್ಪು ಇರಬೇಕಾದಲ್ಲಿ 24 ತೋರಿಸಿತು, ನೀರೂ ಕೆಂಪಗೆ. ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟಿದ ನೇತ್ರಾವತಿಯೇ ಮಳೆನೀರನ್ನೆಲ್ಲ ಹೊತ್ತು ತಂದು ಅಲ್ಲಿ ಸುರಿಯುತ್ತಿದ್ದಳು. ಖಾಲಿ ಕ್ಯಾನುಗಳೊಂದಿಗೆ ವಾಪಸಾದೆ. ಅಂದಿನಿಂದ ಪ್ಯಾಕೆಟ್ ಉಪ್ಪೇ. ರೀಫ್ ಟ್ಯಾಂಕಿಗೆಂದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿ ತಯಾರಿಸಿದ ಮಿಶ್ರಣ ಅದು, ಅಡಿಗೆ ಉಪ್ಪಿನಿಂದ ಆಗುವ ಕೆಲಸವಲ್ಲ. ಆರ್‌ಒ ಮತ್ತು ಡಿಐ ಎಂಬ ಶುದ್ಧೀಕರಣ ಫಿಲ್ಟರ್ ದಾಟಿ, ಕರಗಿದ ಲವಣದ ಅಳತೆಯಾದ ಟಿಡಿಎಸ್ ಸೊನ್ನೆಗೆ ಬಂದ ನೀರಿಗೆ ಲೀಟರಿಗೆ 37 ಗ್ರಾಂ ಹಾಕಿ, ಒಂದು ರಾತ್ರಿ ಪಂಪಿನಲ್ಲಿ ಕಲಕಲು ಬಿಡುತ್ತೇನೆ. ಮಿಶ್ರಣದಲ್ಲೇ ಒಂದಿಷ್ಟು ತೇವ ಇರುವುದರಿಂದ 35 ಬರಲು 37 ಬೇಕು.

ಈ ಉಪ್ಪನ್ನು ಮಳೆಗಾಲದಲ್ಲಿ ಕಾಪಾಡುವುದು ಮೆಣಸು ಕಾಪಾಡಿದ ಹಾಗೆ. ಡಬ್ಬಿಯ ಬಾಯಿ ತೆರೆದಿಟ್ಟರೆ ವಾರದಲ್ಲಿ ಹೆಂಟೆ. ಹೆಂಟೆ ಕಟ್ಟಿದ ಉಪ್ಪು ಕರಗಿಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗಿ, ಹವಳಕ್ಕೆ ಸಿಗಬೇಕಾದ ಸುಣ್ಣದಂಶ ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದಕ್ಕೆ ಮೇ ತಿಂಗಳ ಬಿಸಿಲಿರುವಾಗಲೇ 740 ಗ್ರಾಂನಂತೆ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿ ಡ್ರಮ್ಮಿನಲ್ಲಿ ಇಡುತ್ತೇನೆ. ಒಂದು ಚೀಲ ಇಪ್ಪತ್ತು ಲೀಟರಿಗೆ, ಅಂದರೆ ಒಂದು ವಾರಕ್ಕೆ.

ಕಲ್ಲಿನ ವಿಷಯ ಗಂಭೀರವಾದದ್ದು. ಸಮುದ್ರದಿಂದ ಕಿತ್ತ ಹವಳದ ಬಂಡೆ ತರಿಸಿಕೊಡುತ್ತೇವೆ ಎಂದು ಹೇಳುವವರು ಸಿಗುತ್ತಾರೆ. ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ, ನಮ್ಮ ಕಾಡಿನ ಹುಲಿ ಇರುವ ಪಟ್ಟಿಯಲ್ಲೇ. ಹುಲಿಯ ಉಗುರು ಮನೆಯಲ್ಲಿ ಇಟ್ಟುಕೊಳ್ಳುವುದೂ ಒಂದೇ, ಅದೂ ಒಂದೇ. ನಾನು ಹಾಕಿದ್ದು ಸಿಮೆಂಟಿನಂತೆ ಎರಕ ಹೊಯ್ದ ಒಣ ಕೃತಕ ಬಂಡೆ. ಸಾಕುವುದು ಮೆತ್ತನೆ ಹವಳಗಳನ್ನು ಮಾತ್ರ: ಮಶ್ರೂಮ್, ಜೊವಾಂಥಸ್, ಲೆದರ್. ಅವೂ ಬೇರೆ ಹವ್ಯಾಸಿಗಳ ಟ್ಯಾಂಕಿನಲ್ಲೇ ಬೆಳೆದು ಕತ್ತರಿಸಿ ಕೊಟ್ಟ ತುಂಡುಗಳು. ಕ್ಲೌನ್ ಮೀನಿನ ಜೋಡಿಯೂ ಹ್ಯಾಚರಿಯಲ್ಲಿ ಹುಟ್ಟಿದ್ದು. ಅವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಸಿದ್ಧಪಡಿಸಿದೆ, ಸಮುದ್ರದಿಂದ ಹಿಡಿದದ್ದನ್ನು ಕೊಳ್ಳುವ ಅಗತ್ಯವೇ ಇಲ್ಲ. ಜೊವಾಂಥಸ್ ಸಾಕುವವರಿಗೆ ಒಂದು ಮಾತು. ಅದರ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅದು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಲೇಬೇಡಿ, ಆವಿ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ.

ಒಣ ಕಲ್ಲಿಗೆ ಜೀವ ಬರಬೇಕಾದರೆ ಬ್ಯಾಕ್ಟೀರಿಯಾ ನೆಲೆಸಬೇಕು. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೀನು ಬಿಟ್ಟು ಹಿಂಸೆ ಕೊಡುವ ಬದಲು ನಾನು ಅಮೋನಿಯಂ ಕ್ಲೋರೈಡ್ ಹಾಕಿದೆ. ಕಲಾಯಿಯವರು ನವಸಾಗರ ಅನ್ನುತ್ತಾರಲ್ಲ, ಅದೇ ವಸ್ತು, ಆದರೆ ಲ್ಯಾಬಿಗೆ ಬರುವ ಶುದ್ಧ ರೂಪದ್ದು. ಅಮೋನಿಯಾ 2 ಪಿಪಿಎಂಗೆ, ಅಂದರೆ ಲೀಟರಿಗೆ 2 ಮಿಲಿಗ್ರಾಂಗೆ, ಏರಿಸಿ ಕಾದೆ. ಮೂವತ್ತೆಂಟನೆಯ ದಿನ, ಹಾಕಿದ ಅಮೋನಿಯಾ ಮರುದಿನಕ್ಕೆ ಸೊನ್ನೆ, ನೈಟ್ರೈಟೂ ಸೊನ್ನೆ. ಆಮೇಲೆ ಕಂದು ಪಾಚಿ, ಅದಾದ ಮೇಲೆ ಕೂದಲಿನಂಥ ಹಸಿರು ಪಾಚಿ ಬಂತು. ಮೂರು ತಿಂಗಳು ಟ್ಯಾಂಕ್ ನೋಡಲು ಚೆನ್ನಾಗಿರಲಿಲ್ಲ. ಔಷಧಿ ಹಾಕದೆ ಕೈಯಲ್ಲಿ ಕಿತ್ತೆ, ಉಳಿದದ್ದನ್ನು ಟರ್ಬೋ ಶಂಖಗಳು ಮೇಯ್ದವು.

ಜುಲೈ ಬಂತು.

ತೋಟಕ್ಕೆ ಪಂಪು ಕೂರಿಸುವ ನನಗೆ ನಾನ್ ರಿಟರ್ನ್ ವಾಲ್ವಿನ ಮೇಲೆ ಪೂರ್ತಿ ನಂಬಿಕೆ. ಕರೆಂಟ್ ಹೋದಾಗ ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯದಂತೆ ಸಂಪಿನ ಪಂಪಿಗೂ ಅದನ್ನೇ ಹಾಕಿ, ಪೈಪಿನ ಬಾಯಿಯನ್ನು ನೀರಿನೊಳಗೆ ಹತ್ತು ಸೆಂಟಿಮೀಟರ್ ಆಳಕ್ಕೆ ಬಿಟ್ಟಿದ್ದೆ. ಒಂದು ರಾತ್ರಿ ಜೋರು ಗಾಳಿಮಳೆ, ಕರೆಂಟ್ ಹೋಯಿತು. ಎರಡು ಗಂಟೆಗೆ ಬಚ್ಚಲಿಗೆಂದು ಎದ್ದ ಅಮ್ಮ ಕೂಗಿದಳು, "ಏಳೋ ಮಗಾ, ನಡುಮನೆ ತುಂಬ ನೀರು! ಹಂಚು ಒಡೆದು ಸೋರ್ತಾ ಉಂಟಾ ನೋಡು." ಟಾರ್ಚ್ ಬಿಟ್ಟು ಸೂರು ನೋಡಿದೆ, ಹನಿಯೂ ಇಲ್ಲ. ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ವಾಲ್ವಿನ ರೆಕ್ಕೆಯ ಸಂದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ಶಂಖದ ಮರಿ ಸಿಕ್ಕಿಕೊಂಡಿತ್ತು. ನನ್ನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ ಸುಮಾರು ನಾಲ್ಕು ಲೀಟರ್. ಹತ್ತು ಸೆಂಟಿಮೀಟರ್ ಇಳಿದರೆ ಸುಮಾರು ನಲವತ್ತು ಲೀಟರ್, ಸಂಪಿನಲ್ಲಿ ಖಾಲಿ ಇದ್ದ ಜಾಗ ಇಪ್ಪತ್ತೈದು. ಉಳಿದದ್ದು ನೆಲಕ್ಕೆ. ಒರೆಸಿ ಮಲಗಿದೆವು. ನಿಜವಾದ ಕೇಡು ಆದದ್ದು ನಾವು ನಿದ್ದೆಯಲ್ಲಿದ್ದಾಗ. ಕರೆಂಟ್ ಬಂದಾಗ ಪಂಪು ಸಂಪಿನ ನೀರನ್ನು ಮೇಲಕ್ಕೆತ್ತಿತು, ಸಂಪಿನ ಮಟ್ಟ ಇಳಿಯಿತು. ಆವಿಯಾದ ನೀರನ್ನು ತುಂಬಲೆಂದು ಇಟ್ಟ ಫ್ಲೋಟ್ ವಾಲ್ವ್ ತೆರೆದುಕೊಂಡು, ಡ್ರಮ್ಮಿನಲ್ಲಿದ್ದ ಸಿಹಿನೀರನ್ನೆಲ್ಲ ಒಳಗೆ ಬಿಟ್ಟಿತು. ಬೆಳಿಗ್ಗೆ ಉಪ್ಪಿನಂಶ 35 ಇದ್ದದ್ದು 32. ಮೀನುಗಳು ತಡೆದುಕೊಂಡವು. ಮೀನಿನ ಮೈಮೇಲೇರಿ ಹುಳ ಹೆಕ್ಕುತ್ತಿದ್ದ, ನನ್ನ ಬೆರಳಿನ ಮೇಲೂ ಹತ್ತುತ್ತಿದ್ದ ಕ್ಲೀನರ್ ಸಿಗಡಿ ಮಧ್ಯಾಹ್ನದ ಹೊತ್ತಿಗೆ ಮಗುಚಿ ಬಿದ್ದಿತ್ತು. ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ಈಗ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದೇ ಸೆಂಟಿಮೀಟರ್ ಕೆಳಗಿದೆ. ಪಂಪು ನಿಂತ ಕೂಡಲೇ ಗಾಳಿ ಎಳೆದುಕೊಂಡು ಇಳಿತ ನಿಲ್ಲುತ್ತದೆ, ಹನ್ನೆರಡು ಲೀಟರಿಗಿಂತ ಹೆಚ್ಚು ಇಳಿಯುವುದಿಲ್ಲ. ವಾಲ್ವ್ ತೆಗೆದೇ ಬಿಟ್ಟೆ. ಸಿಹಿನೀರಿನ ಡ್ರಮ್ ಹೋಗಿ ಐದು ಲೀಟರಿನ ಕ್ಯಾನ್ ಬಂತು, ಅದಷ್ಟೂ ಒಮ್ಮೆಗೇ ಸುರಿದರೂ ಟ್ಯಾಂಕಿಗೆ ಅಪಾಯವಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಮೂರು ಲೀಟರ್ ಆವಿಯಾದರೆ ಮಳೆಗಾಲದಲ್ಲಿ ಒಂದು ಲೀಟರೂ ಇಲ್ಲ, ಆದ್ದರಿಂದ ಸಣ್ಣ ಕ್ಯಾನೇ ಸಾಕು. ಹೊಸಬರಿಗೆ ಇದನ್ನು ಒತ್ತಿ ಹೇಳುತ್ತೇನೆ: ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದೇ ಇರುತ್ತದೆ. ದಿನದ ಕೊರತೆಗೆ ಸಿಹಿನೀರೇ ಹಾಕಬೇಕು.

ಎತ್ತರದ ಸಮಸ್ಯೆಯನ್ನು ಕರಾವಳಿಯ ಗೆಳೆಯರು ಯಾರೂ ಹೇಳಿರಲಿಲ್ಲ, ಅವರಿಗೆ ಅದು ಇಲ್ಲ. ನಮ್ಮ ಊರು ಸಾವಿರ ಮೀಟರಿನ ಆಸುಪಾಸಿನಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು ಶೇ. 11 ಕಡಿಮೆ. 25 ಡಿಗ್ರಿಯ ಸಮುದ್ರದ ನೀರು ಮಂಗಳೂರಿನಲ್ಲಿ ಲೀಟರಿಗೆ 6.7 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಇಲ್ಲಿ ಆರರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಮೀನು ಕಡಿಮೆ ಬಿಟ್ಟಿದ್ದೇನೆ, ನಾಲ್ಕೇ, ಮತ್ತು ಅಲೆಯ ಪಂಪನ್ನು ನೀರಿನ ಮೇಲ್ಮೈ ಕಲಕುವಂತೆ ಮೇಲ್ಮುಖ ಮಾಡಿದ್ದೇನೆ. ನಮಗಿರುವ ಅನುಕೂಲ ಬೇರೆ: ಬಯಲುಸೀಮೆಯವರು ಸಾವಿರಾರು ರೂಪಾಯಿ ಕೊಟ್ಟು ಚಿಲ್ಲರ್ ಹಾಕುತ್ತಾರೆ, ನಮಗೆ ಅದು ಬೇಡ. ಬೇಕಾದದ್ದು ಹೀಟರ್.

ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿರುವ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಐದು ಜನರ ಉಸಿರು, ಗ್ಯಾಸ್ ಒಲೆ, ಬಚ್ಚಲ ಒಲೆ ಸೇರಿ ಒಳಗಿನ ಇಂಗಾಲದ ಡೈಆಕ್ಸೈಡ್ ಏರಿ, ನೀರಿನಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ನನ್ನದು 7.7ಕ್ಕೆ ಬಂದಿತ್ತು. ನೊರೆ ಎಬ್ಬಿಸಿ ಗಲೀಜು ತೆಗೆಯುವ ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಬಿಟ್ಟೆ, ನಾಲ್ಕು ದಿನದಲ್ಲಿ 8ಕ್ಕೆ ಏರಿತು. ಉಳಿದದ್ದಕ್ಕೆ ತಿಳಿಸುಣ್ಣದ ನೀರು: ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಲೀಟರಿಗೆ ಒಂದೂವರೆ ಗ್ರಾಂ, ತಿಳಿ ಮಾತ್ರ, ರಾತ್ರಿ ಹೊತ್ತು ಹನಿಹನಿಯಾಗಿ. ಮನೆಯ ಹಿಂದೆಯೇ ಕಾಫಿ ತೋಟ ಇರುವುದರಿಂದ ಒಂದು ಎಚ್ಚರ ಬೇಕು. ಮಳೆಗೆ ಮುಂಚೆ ಬೋರ್ಡೋ ಹೊಡೆಯುತ್ತಾರೆ, ಅದು ಮೈಲುತುತ್ತಿನ ದ್ರಾವಣ, ಅಂದರೆ ತಾಮ್ರವೇ. ಆ ದಿನ ಕೊಳವೆಯನ್ನು ಒಳಗೆ ಎಳೆದುಕೊಳ್ಳುತ್ತೇನೆ. ಪಕ್ಕದ ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿಟ್ಟಿದ್ದೇನೆ, ಹಿಂದಿನ ಸಂಜೆಯೇ ಫೋನ್ ಮಾಡುತ್ತಾರೆ.

ಎರಡು ವರ್ಷದ ಹಿಂದಿನ ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಅಷ್ಟರಲ್ಲಿ ನಾನು ತಯಾರಾಗಿದ್ದೆ. ಅಲೆಯ ಪಂಪು 24 ವೋಲ್ಟ್ ಡಿಸಿ, 15 ವ್ಯಾಟ್. ಎರಡು 12 ವೋಲ್ಟಿನ 100 ಎಎಚ್ ಬ್ಯಾಟರಿ ಸೀರೀಸ್‌ನಲ್ಲಿ, ಅರ್ಧದಷ್ಟೇ ಬಳಸಿದರೂ ಎಂಬತ್ತು ಗಂಟೆ ನಡೆಯುತ್ತದೆ. ಚಾರ್ಜ್ ಆಗುವಾಗ 27 ದಾಟುವುದರಿಂದ ನಡುವೆ ರೆಗ್ಯುಲೇಟರ್ ಇದೆ. ಇನ್ವರ್ಟರಿನ ಮೂಲಕ ಹೋದರೆ ಅದರ ಹೊಟ್ಟೆಗೇ ಒಂದಿಷ್ಟು ಹೋಗುತ್ತದೆ, ಆದ್ದರಿಂದ ನೇರ ಕೊಟ್ಟಿದ್ದೇನೆ. ಸಂಪಿಗೆ ಸೆಲ್ಲಿನ ಸಣ್ಣ ಏರ್ ಪಂಪು. ಮೀನಿಗೆ ಊಟ ಬಂದ್. ಬೆಳಕಿಲ್ಲದೆ ಮೆತ್ತನೆ ಹವಳ ಮೂರು ದಿನ ಇರಬಲ್ಲದು, ಚಿಂತೆ ಇದ್ದದ್ದು ಚಳಿಯದು. ಹೀಟರ್ ಎಳೆಯುವಷ್ಟು ಶಕ್ತಿ ಬ್ಯಾಟರಿಗಿಲ್ಲ. ಟ್ಯಾಂಕಿಗೆ ಎರಡು ಕಂಬಳಿ ಸುತ್ತಿದೆವು. ಬಚ್ಚಲ ಹಂಡೆಯ ಬಿಸಿನೀರನ್ನು ಎರಡು ಲೀಟರಿನ ದಪ್ಪ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ತೇಲಿಬಿಟ್ಟೆವು. ಎರಡು ಬಾಟಲಿ ಆರಿದರೆ ಇನ್ನೂರು ಲೀಟರ್ ನೀರು ಹತ್ತಿರ ಹತ್ತಿರ ಒಂದು ಡಿಗ್ರಿ ಏರುತ್ತದೆ. ಹಂಡೆ ತಾಮ್ರದ್ದು, ಹಾಗಾಗಿ ಬಾಟಲಿಯ ಹೊರಮೈಯನ್ನು ಆರ್‌ಒ ನೀರಿನಲ್ಲಿ ತೊಳೆದೇ ಬಿಡಬೇಕು. ನನ್ನ ಹೆಂಡತಿಯೂ ನಾನೂ ಸರದಿಯಲ್ಲಿ ಎದ್ದು ಬಾಟಲಿ ಬದಲಿಸಿದೆವು. 23ಕ್ಕಿಂತ ಕೆಳಗೆ ಇಳಿಯಲಿಲ್ಲ.

ಕರೆಂಟ್ ಬಂದ ಮೇಲೆ ಎಲ್ಲವೂ ಅರಳಿತು, ಲೆದರ್ ಹವಳ ಒಂದನ್ನು ಬಿಟ್ಟು. ಅದು ನಾಯಿಕೊಡೆಯ ಆಕಾರದ್ದು, ಟೊಪ್ಪಿಯ ಮೇಲೆಲ್ಲ ಅಕ್ಕಿಕಾಳಿನಷ್ಟು ಉದ್ದದ ಎಳೆಗಳು ತೊನೆಯುತ್ತಿರುತ್ತವೆ. ಎಳೆಗಳನ್ನೆಲ್ಲ ಒಳಗೆ ಎಳೆದುಕೊಂಡು, ಮೇಣ ಬಳಿದ ಹಾಗೆ ಹೊಳೆಯುತ್ತ ಮುದುಡಿ ಕೂತಿತು. ಹಿಂದೊಮ್ಮೆ ಹೀಗಾದಾಗ ಸತ್ತೇಹೋಯಿತೆಂದು ಹೆದರಿ ಮೂರು ಸಲ ನೀರು ಬದಲಿಸಿದ್ದೆ, ಅದರಿಂದ ಬೇರೆ ಹವಳಗಳಿಗೂ ಕಷ್ಟವಾಗಿತ್ತು. ಅದು ಪೊರೆ ಬಿಡುವ ಕ್ರಮ. ಈ ಸಲ ಮುಟ್ಟದೆ ಕಾದೆ. ಆರನೆಯ ದಿನ ಟೊಪ್ಪಿಯ ಅಂಚಿನಲ್ಲಿ ಹಾಲಿನ ಕೆನೆಯಂಥ ಪದರ ಎದ್ದು ಅಲೆಗೆ ಹಾರಾಡತೊಡಗಿತು. ಸಂಜೆಗೆ ಪೂರ್ತಿ ಕಳಚಿ ಹೋಯಿತು. ಅದರ ಕೆಳಗಿನ ಮೈ ಎಳೆ ಹಳದಿ, ಒಂದೊಂದಾಗಿ ಎಳೆಗಳು ಹೊರಬಂದವು.

ವಾರದ ಕೆಲಸ ದೊಡ್ಡದಲ್ಲ. ಭಾನುವಾರ ಇಪ್ಪತ್ತು ಲೀಟರ್ ನೀರು ಬದಲು, ಗಾಜು ಉಜ್ಜುವುದು, ಸ್ಕಿಮ್ಮರ್ ಬಟ್ಟಲು ತೊಳೆಯುವುದು, ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಶಕ್ತಿ) ಮತ್ತು ನೈಟ್ರೇಟ್ ಪರೀಕ್ಷೆ. ಆಲ್ಕಲಿನಿಟಿ ಅದರ ಮಾನದಲ್ಲಿ 8 ಡಿಕೆಎಚ್ ಸುತ್ತ ನಿಂತಿದ್ದರೆ ನನಗೆ ನೆಮ್ಮದಿ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ-ಮಾರ್ಚ್‌ನಲ್ಲಿ ಮಾತ್ರ ನಾನು ಮನೆ ಸೇರುವುದು ನಡುರಾತ್ರಿಗೆ, ತೋಟ ತೋಟಕ್ಕೂ ಪಂಪು ಕೆಟ್ಟಿರುತ್ತದೆ. ಆಗ ಎಲ್ಲ ಹೆಂಡತಿಯದೇ. ನಾನು ಕಣ್ಣಂದಾಜಿನಲ್ಲಿ ಊಟ ಹಾಕುತ್ತಿದ್ದೆ, ಅವಳು ಮಾತ್ರೆಯ ಡಬ್ಬಿಯಲ್ಲಿ ವಾರದ ಏಳು ದಿನದ ಪಾಲು ಮೊದಲೇ ಹಾಕಿಡುತ್ತಾಳೆ. ಅವಳು ನೋಡಿಕೊಂಡ ತಿಂಗಳುಗಳಲ್ಲಿ ನೈಟ್ರೇಟ್ ಐದು ದಾಟಿಲ್ಲ, ಈಗ ವರ್ಷವಿಡೀ ಅದೇ ಡಬ್ಬಿ.

ಮೇ ಕೊನೆಯ ವಾರಕ್ಕೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಕಂಬಳಿಗೆ ಬಿಸಿಲು, ಉಪ್ಪಿನ ಚೀಲಗಳಿಗೆ ತೂಕ. ಹಗಲು ಹೊತ್ತಿನಲ್ಲಿ, ಮನೆಯವರೆಲ್ಲ ಎದುರಿಗಿರುವಾಗ, ಮೇನ್ ಸ್ವಿಚ್ ನಾನೇ ಆರಿಸಿ ಸಂಪಿನ ನೀರು ಎಲ್ಲಿಗೆ ಏರಿ ನಿಲ್ಲುತ್ತದೆಂದು ನೋಡುತ್ತೇನೆ. ಗಾಜಿನ ಮೇಲೆ ಮಾರ್ಕರಿನಲ್ಲಿ ಎಳೆದ ಕೆಂಪು ಗೆರೆಗಿಂತ ಎರಡು ಬೆರಳು ಕೆಳಗೆ ನಿಂತರೆ ಸರಿ. ಅಲ್ಲಿಂದ ಸೆಪ್ಟೆಂಬರ್ ಮುಗಿಯುವವರೆಗೆ ಹೊಸ ಜೀವ ಯಾವುದನ್ನೂ ಟ್ಯಾಂಕಿಗೆ ಬಿಡುವುದಿಲ್ಲ.