ಆಸರೆ ಮನೆಗೆ ಸ್ವಯಂಸೇವಕರಾಗಿ ಹೋಗುವುದು ಹೇಗೆ?

ಬೌದ್ಧಿಕ ಅಸಾಮರ್ಥ್ಯವೋ ದೀರ್ಘಕಾಲದ ಮಾನಸಿಕ ಕಾಯಿಲೆಯೋ ಇರುವ ಕೆಲವು ವಯಸ್ಕರು ಒಬ್ಬಿಬ್ಬರು ಸಹಾಯಕರ ನೆರವಿನಿಂದ ಒಂದೇ ಸೂರಿನಡಿ ಬಾಳುವ ಮನೆಗಳನ್ನು ಜನ ಗ್ರೂಪ್ ಹೋಮ್ ಎನ್ನುತ್ತಾರೆ. ಈ ಲೇಖನದಲ್ಲಿ ಅವನ್ನು ಆಸರೆ ಮನೆ ಎಂದು ಕರೆದಿದ್ದೇನೆ. ಮನೆಯವರು ಒಪ್ಪಲಿಲ್ಲವೆಂದೋ ಹೋಗಲು ಬೇರೆ ನೆಲೆಯಿಲ್ಲವೆಂದೋ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದು, ಸಮಾಜದ ನಡುವೆ ಬಾಳುವುದು ಅವರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಆ ಹಕ್ಕು ನಿಜವಾಗಬೇಕಾದರೆ ಮನೆಯ ಹೊರಗೆ ಅವರಿಗೆ ಪರಿಚಿತರು ಬೇಕು.

ಕೊಡಗಿನಲ್ಲಿ ನೆರವಾಗುವ ಮನಸ್ಸಿಗೆ ಕೊರತೆಯಿಲ್ಲ. ಆದರೆ ಹುಟ್ಟುಹಬ್ಬದ ದಿನ ಹತ್ತಾರು ಮಂದಿ ಕೇಕು ಹಿಡಿದು ಬಂದು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಗಂಟೆಯೊಳಗೆ ಹೊರಟುಹೋಗುವುದನ್ನೇ ಹೆಚ್ಚಾಗಿ ಕಂಡಿದ್ದೇನೆ. ಅಲ್ಲಿರುವವರಿಗೆ ಬೇಕಾಗಿರುವುದು ಹೇಳಿದ ದಿನಕ್ಕೆ ತಪ್ಪದೆ ಬರುವ ಒಬ್ಬರು.

ಮೊದಲ ಹೆಜ್ಜೆ ಅನುಮತಿ. ಮೇಲ್ವಿಚಾರಕರನ್ನು ಕಂಡು ಮಾತನಾಡಿ, ಗುರುತಿನ ಚೀಟಿಯ ಪ್ರತಿ ಕೊಡಿ. ಪೊಲೀಸ್ ಪರಿಶೀಲನಾ ಪತ್ರ ಕೇಳಿದರೆ ಬೇಸರಿಸದೆ ಮಾಡಿಸಿಕೊಡಿ. ಅದನ್ನು ಕೇಳುವ ಮನೆ ತನ್ನವರನ್ನು ಜೋಪಾನ ಮಾಡುತ್ತಿದೆ ಎಂದೇ ಅರ್ಥ.

ಎರಡನೆಯದು ದಿನ ಗೊತ್ತು ಮಾಡುವುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಈ ಎರಡು ಕಾಲದಲ್ಲೂ ಸ್ವಯಂಸೇವಕರು ಹೇಳದೆ ಕೇಳದೆ ಮಾಯವಾಗುತ್ತಾರೆ. ತೋಟದ ಮನೆಯವರಾದರೆ ಕೊಯ್ಲಿನ ತಿಂಗಳುಗಳಲ್ಲಿ ಬರಲಾಗದು ಎಂದು ಮೊದಲೇ ಹೇಳಿಬಿಡಿ. ವಾರಕ್ಕೊಮ್ಮೆ ಎಂದು ಮಾತು ಕೊಟ್ಟು ತಪ್ಪುವುದಕ್ಕಿಂತ ತಿಂಗಳಿಗೊಮ್ಮೆ ಎಂದು ಒಪ್ಪಿ ಉಳಿಸಿಕೊಳ್ಳುವುದು ಮೇಲು. ರಸ್ತೆ ಕುಸಿದು ಬರಲಾಗದ ದಿನ ಫೋನ್ ಮಾಡಿ, ನಿಮಗಾಗಿ ಕಾಯುತ್ತಿರುವವರ ಕೈಗೇ ಫೋನ್ ಕೊಡಿಸಿ ಮಾತನಾಡಿ.

ಮೊದಲ ಕೆಲವು ಭೇಟಿಗಳಲ್ಲಿ ಬರಿಗೈಯಲ್ಲಿ ಹೋಗಿ. ಸಿಹಿ ಒಯ್ಯಲೇಬೇಡಿ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ನುಂಗುವುದೇ ಕಷ್ಟ. ಒಂದು ಲಾಡು ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಮಕ್ಕಳ ಬಣ್ಣ ತುಂಬುವ ಪುಸ್ತಕ, ಗೊಂಬೆ ಚಿತ್ರದ ಜೋಡಣೆ ಆಟಗಳೂ ಬೇಡ. ಐವತ್ತು ದಾಟಿದ ವ್ಯಕ್ತಿಯ ಮುಂದೆ ಮೊಲದ ಚಿತ್ರ ಇಟ್ಟು ಬಣ್ಣ ತುಂಬಿ ಎನ್ನುವುದು ಅವರ ವಯಸ್ಸಿಗೆ ಮಾಡುವ ಅವಮಾನ. ಬಹುವಚನದಲ್ಲಿ ಮಾತನಾಡಿಸಿ, ಹಿರಿಯರಾದರೆ ಅಣ್ಣ, ಅಕ್ಕ ಎನ್ನಿ. ಅವರು ಯಾವ ಭಾಷೆಯಲ್ಲಿ ಬೆಳೆದವರು ಎಂದು ಸಹಾಯಕರನ್ನು ಕೇಳಿ ತಿಳಿದುಕೊಳ್ಳಿ. ಅರೆಭಾಷೆ, ಕೊಡವ ತಕ್ಕ್, ಮಲಯಾಳ, ಯರವ ಭಾಷೆ ಎಲ್ಲವೂ ಇರುವ ಜಿಲ್ಲೆ ನಮ್ಮದು. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನಿರುವವರು ಮನೆಮಾತಿನ ಎರಡು ಶಬ್ದ ಕಿವಿಗೆ ಬಿದ್ದರೆ ತಾವಾಗಿಯೇ ಮಾತಿಗಿಳಿಯುವುದುಂಟು. ಫೋಟೋ ತೆಗೆಯಬೇಡಿ. ಚಿಕಿತ್ಸೆಯಲ್ಲಿರುವವರ ಭಾವಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ಅದೇ ಕಾಯ್ದೆಯ 24ನೇ ಸೆಕ್ಷನ್ ತಡೆಯುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಅದೇ ಮರ್ಯಾದೆ ಇರಲಿ.

ಇನ್ನು ಹೆಚ್ಚಿನವರು ಕೆಡಿಸಿಬಿಡುವ ಹಂತ: ಜೊತೆಯಾಗಿ ಸಂತೆಗೆ ಹೋಗಿಬರುವುದು.

ಹೊರಡುವ ಮುನ್ನವೇ, ಏನು ಕೊಳ್ಳಬೇಕು ಎಂದು ಅವರನ್ನೇ ಕೇಳಿ. ಒಂದೆರಡು ವಸ್ತು ಸಾಕು. ಓದಲು ಬಾರದವರಾದರೆ ಖಾಲಿಯಾದ ಸೋಪಿನ ಹೊದಿಕೆಯನ್ನೋ ಎಣ್ಣೆಯ ಡಬ್ಬಿಯನ್ನೋ ಚೀಲಕ್ಕೆ ಹಾಕಿಕೊಳ್ಳಲಿ, ಅಂಗಡಿಯಲ್ಲಿ ಅದನ್ನೇ ತೋರಿಸಬಹುದು. ಹಣ ಅವರ ಪರ್ಸಿನಲ್ಲಿ, ಪರ್ಸು ಅವರ ಜೇಬಿನಲ್ಲಿ ಇರಬೇಕು. ನಿಮ್ಮ ಹಣ ಸೇರಿಸಬೇಡಿ. ಅಂಕಿ ತಿಳಿಯದವರೂ ಈಗಿನ ನೋಟುಗಳನ್ನು ಬಣ್ಣದಿಂದ ಗುರುತಿಸುತ್ತಾರೆ: 10 ಕಂದು, 50 ನೀಲಿ, 100 ತಿಳಿ ನೇರಳೆ, 200 ಹಳದಿ. ಹಳೆಯ ಸರಣಿಯ ನೋಟುಗಳ ಬಣ್ಣ ಬೇರೆಯಾದ್ದರಿಂದ ಅಂಥವಿದ್ದರೆ ಮನೆಯಲ್ಲೇ ಬದಲಾಯಿಸಿಕೊಡಿ.

ಮಡಿಕೇರಿಯ ಶುಕ್ರವಾರದ ಸಂತೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಜನಸಂದಣಿ, ಕೂಗಾಟ ಏರಿದ ಮೇಲೆ ಹಲವರಿಗೆ ಗಾಬರಿಯಾಗುತ್ತದೆ. ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಉಚಿತವಿರುವುದು ಸರ್ಕಾರಿ ಬಸ್ಸಿನಲ್ಲಿ; ಕೆಎಸ್‌ಆರ್‌ಟಿಸಿಯ ಅಂಗವಿಕಲರ ಪಾಸು ಕೂಡ ಖಾಸಗಿ ಬಸ್ಸಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ಯಾವ ಬಸ್ಸು ಎಂದು ಮೊದಲೇ ನೋಡಿಕೊಂಡು ಆಧಾರ್ ಅಥವಾ ಪಾಸು ಜೊತೆಗಿಟ್ಟುಕೊಳ್ಳಿ. ಮಳೆಗಾಲದಲ್ಲಿ ಮೂರು ಮಡಿಕೆಯ ಸಣ್ಣ ಕೊಡೆಗಳನ್ನು ನಂಬಬೇಡಿ, ನಮ್ಮ ಗಾಳಿಗೆ ಅವು ಮೊದಲ ತಿರುವಿನಲ್ಲೇ ಮಗುಚಿಕೊಳ್ಳುತ್ತವೆ. ಉದ್ದ ಹಿಡಿಯ ದೊಡ್ಡ ಕೊಡೆಯೇ ಸರಿ, ಅದೂ ಒಬ್ಬರಿಗೊಂದು.

ಈಗ ಅಂಗಡಿಯ ಮುಂದೆ ನಿಂತಿದ್ದೀರಿ. ಅಂಗಡಿಯವರು ನಿಮ್ಮ ಮುಖ ನೋಡಿ, ‘ಇವರಿಗೆ ಏನು ಬೇಕಂತೆ?’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ಹೇಳಬೇಡಿ. ಅರ್ಧ ಹೆಜ್ಜೆ ಹಿಂದೆ ಸರಿದು, ಜೊತೆಗಿರುವವರ ಕಡೆ ತಿರುಗಿ ನಿಲ್ಲಿ. ಅಂಗಡಿಯವರ ಕಣ್ಣೂ ನಿಮ್ಮ ಕಣ್ಣನ್ನೇ ಹಿಂಬಾಲಿಸಿ ಅತ್ತ ಹೋಗುತ್ತದೆ. ಹೋಗದಿದ್ದರೆ, ‘ಅವರನ್ನೇ ಕೇಳಿ, ಹೇಳುತ್ತಾರೆ’ ಎಂದಷ್ಟೇ ಹೇಳಿ. ಆಮೇಲೆ ಕಾಯಬೇಕು. ಕೇಳಿದ್ದನ್ನು ಗ್ರಹಿಸಿ ಮಾತು ಜೋಡಿಸಲು ಕೆಲವರಿಗೆ ಹೊತ್ತು ಹಿಡಿಯುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಮಂಪರು ಇರುತ್ತದೆ. ನೋಟು ತೆಗೆಯುವಾಗ ಬೆರಳು ನಡುಗಿದರೆ ಪರ್ಸನ್ನು ಕಸಿದುಕೊಳ್ಳದೆ, ಇಟ್ಟುಕೊಳ್ಳಲು ಗಲ್ಲಾಪೆಟ್ಟಿಗೆಯ ಪಕ್ಕ ಜಾಗ ಮಾಡಿಕೊಡಿ. ಹಿಂದೆ ನಿಂತವರು ಅವಸರಪಡಿಸಿದರೆ ಅವರನ್ನು ಮುಂದಕ್ಕೆ ಕಳಿಸಿ. ಚಿಲ್ಲರೆ ನಿಮ್ಮ ಜೊತೆಗಿರುವವರ ಅಂಗೈಗೇ ಬರಲಿ.

ನಿಮಗೆ ಹಿಡಿಸದ ಬಣ್ಣದ ಅಂಗಿಯನ್ನೋ, ಪಕ್ಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಾಚಣಿಗೆಯನ್ನೋ ಅವರು ಕೊಂಡರೆ ಕೊಳ್ಳಲಿ. ನಿಮ್ಮ ಅಭಿಪ್ರಾಯ ಕೇಳಿದರೆ ಹೇಳಿ, ಕೇಳದಿದ್ದರೆ ಬೇಡ. ಬಾಯಿ ತೆರೆಯಬೇಕಾದ ಸಂದರ್ಭಗಳು ಎರಡೇ: ಅವರಿಗೆ ಮೋಸವಾಗುತ್ತಿರುವಾಗ, ಮತ್ತು ವೈದ್ಯರು ಬೇಡವೆಂದ ಆಹಾರವೆಂಬುದು ಅವರಿಗೆ ಮರೆತುಹೋದಾಗ. ಎರಡನೆಯದನ್ನು ಅಂಗಡಿಯವರಿಗೆ ಕೇಳುವಂತೆ ಹೇಳದೆ, ಕಿವಿಯ ಬಳಿ ಹೇಳಿ. ಸಮಯ ಉಳಿಸಲು ಪಟ್ಟಿ ಕೊಟ್ಟು ಕಟ್ಟಿಸಿಕೊಂಡು ಬರುವುದೋ ಫೋನಿನಿಂದ ನೀವೇ ಪಾವತಿಸುವುದೋ ಸುಲಭವೆಂದು ಕಾಣುತ್ತದೆ. ಹಾಗೆ ಮಾಡಿದರೆ ಹೋಗಿಬಂದದ್ದು ನೀವು, ಅವರು ಕೇವಲ ಜೊತೆಗಿದ್ದರು.

ಸುಸ್ತಾದಂತೆ, ಗಾಬರಿಯಾದಂತೆ ಕಂಡರೆ ಸಂತೆಯ ಅಂಚಿಗೆ ಕರೆತಂದು ಕೂರಿಸಿ, ನೀರು ಕೊಡಿ, ಪ್ರಶ್ನೆ ಕೇಳಬೇಡಿ. ಮೂರ್ಛೆ ರೋಗ ಇರುವವರ ಜೊತೆ ಹೋಗುವಾಗ ಒಂದು ವಿಷಯ ಗಟ್ಟಿಯಾಗಿ ನೆನಪಿರಲಿ. ಫಿಟ್ಸ್ ಬಂದೊಡನೆ ಸುತ್ತಲಿನವರು ಕೈಗೆ ಬೀಗದ ಕೈ ಕೊಡಿ, ಬಾಯಿಗೆ ಚಮಚ ಇಡಿ ಎಂದು ನುಗ್ಗುತ್ತಾರೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ, ಬಾಯಿಗಿಟ್ಟ ಚಮಚದಿಂದ ಹಲ್ಲು ಮುರಿಯುತ್ತದೆ. ಜನರನ್ನು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿಕೊಳ್ಳಿ. ಅದುಮಿ ಹಿಡಿಯಬೇಡಿ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

ಮನೆಗೆ ಮರಳಿದ ಮೇಲೆ ಖರ್ಚಿನ ಲೆಕ್ಕವನ್ನು ಅವರೇ ಸಹಾಯಕರಿಗೆ ಒಪ್ಪಿಸಲಿ, ರಸೀದಿ ಇದ್ದರೆ ಪುಸ್ತಕಕ್ಕೆ ಅಂಟಿಸಿ. ಬಿದ್ದದ್ದು, ವಾಂತಿಯಾದದ್ದು, ಮಾತ್ರೆಯ ಹೊತ್ತು ಮೀರಿದ್ದು ಇದ್ದರೆ ಮುಚ್ಚಿಡದೆ ತಿಳಿಸಿ. ಯಾರಾದರೂ ತಮಗೆ ಹೊಡೆದರು, ಬೈದರು ಎಂದು ನಿಮ್ಮಲ್ಲಿ ಹೇಳಿಕೊಂಡರೆ ಗುಟ್ಟಾಗಿಡುವುದಾಗಿ ಮಾತು ಕೊಡಬೇಡಿ. ಅವರ ಮಾತಿನಲ್ಲೇ ಬರೆದುಕೊಂಡು ಅಂದೇ ಮೇಲ್ವಿಚಾರಕರಿಗೆ ಹೇಳಿ. ದೂರು ಮೇಲ್ವಿಚಾರಕರ ಮೇಲೆಯೇ ಆದರೆ ಪೊಲೀಸರಿಗೆ ತಿಳಿಸಿ. ಅಂಗವಿಕಲರ ಮೇಲೆ ಕೈಮಾಡುವುದು, ನಾಲ್ಕು ಜನರೆದುರು ಅವಮಾನಿಸುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಎಂದೋ ಒಂದು ದಿನ ನೀವು ಬಿಡಬೇಕಾಗಬಹುದು, ಮದುವೆಯಾಗಿಯೋ ಬೆಂಗಳೂರಿಗೆ ಕೆಲಸಕ್ಕೆ ಹೋಗಿಯೋ. ಒಂದು ತಿಂಗಳು ಮೊದಲೇ ಅವರಿಗೆ ನೀವೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೊನೆಯ ಭೇಟಿಯ ದಿನವನ್ನು ಇಬ್ಬರೂ ಸೇರಿ ಗುರುತು ಮಾಡಿ. ‘ಆಗಾಗ ಬರುತ್ತಿರುತ್ತೇನೆ’ ಎಂದು ಸಮಾಧಾನಕ್ಕೆ ಹೇಳಬೇಡಿ, ಅವರು ಅದನ್ನು ನಂಬಿ ಕಾಯುತ್ತಾರೆ. ನಿಮ್ಮ ಬದಲಿಗೆ ಬರುವವರು ಸಿಕ್ಕಿದ್ದರೆ ಅವರನ್ನು ಒಂದೆರಡು ವಾರ ಮೊದಲೇ ಕರೆತಂದು, ಒಮ್ಮೆ ಮೂವರೂ ಕೂಡಿ ಸಂತೆಗೆ ಹೋಗಿಬನ್ನಿ.