ಅಂಗಳದಲ್ಲಿ ಕಟ್ಟಿದ ಹಾಯಿದೋಣಿ

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿಗೆ ಕೂಗಳತೆ ದೂರ. ಹಾಯಿದೋಣಿಯ ಹುಚ್ಚು ಹತ್ತಿ ವರ್ಷಗಳಾಗಿದ್ದರೂ ಕೆಲಸ ಶುರುವಾಗಿದ್ದು ಒಂದು ಫೆಬ್ರುವರಿಯಲ್ಲಿ. ಕೊನೆಕೊಯ್ಲು ಮುಗಿದು ಅಡಿಕೆ ಚೀಲ ಸೇರುವವರೆಗೆ ಅಂಗಳ ಖಾಲಿ ಇರುವುದಿಲ್ಲ. ಮಳೆ ಹಿಡಿದರೆ ಎಪಾಕ್ಸಿ ಅಂಟಿನ ಮೇಲೆ ಮೇಣದಂಥ ಜಿಗುಟು ಪದರ ಏಳುತ್ತದೆ, ತೊಳೆಯದೆ ಮುಂದಿನ ಕೋಟ್ ಹಿಡಿಯುವುದಿಲ್ಲ. ನಡುವೆ ಸಿಕ್ಕಿದ್ದು ಮೂರು ತಿಂಗಳು.

ಮಾದರಿ ಆಪ್ಟಿಮಿಸ್ಟ್. ಅಮೆರಿಕದ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗೆಂದು ರೂಪಿಸಿದ್ದು. 8 ಅಡಿ, 4 ಅಡಿಯ ಎರಡು ಪ್ಲೈವುಡ್ ಹಾಳೆಯಲ್ಲಿ ಮುಗಿಯಬೇಕೆಂಬ ಲೆಕ್ಕ. ಉದ್ದ 2.36 ಮೀಟರ್, ಮೂತಿ ಮೊಂಡು. ನೋಡಲು ಬಂದ ಭಾವ, “ಇದೆಂತ ಮಾರಾಯ, ದನಕ್ಕೆ ಅಕ್ಕಚ್ಚು ಕೊಡೋ ಬಾನಿಯಾ?” ಅಂದ.

ಮೊದಲು ಮೋಸಹೋಗಿದ್ದು ಪ್ಲೈನಲ್ಲಿ. ನೀರಿಗೆ ತಾಳುವ ಮರೈನ್ ಪ್ಲೈಗೆ ಐಎಸ್ 710 ಎಂಬ ಭಾರತೀಯ ಮಾನದಂಡ. 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅಂಗಡಿಯವರು ಮುದ್ರೆ ತೋರಿಸಿಯೇ ಕೊಟ್ಟರು. ಅಂಗೈಯಗಲದ ತುಂಡೊಂದನ್ನು ಹಳೇ ಪಾತ್ರೆಗೆ ಹಾಕಿ ಬಚ್ಚಲೊಲೆಯ ಮೇಲಿಟ್ಟೆ. ಸಂಜೆ ಹೊತ್ತಿಗೆ ನೀರು ಚೊಗರಿನ ಬಣ್ಣಕ್ಕೆ ತಿರುಗಿತ್ತು, ತುಂಡು ನೆನೆದ ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ವಾಪಸ್ ಕೊಟ್ಟು ಬೇರೆ ಕಡೆಯಿಂದ ತಂದೆ. ಅದು ಮೂರು ದಿನ ಕುದ್ದೂ ಜಗ್ಗಲಿಲ್ಲ. ಬಚ್ಚಲೊಲೆ ಇರುವವರು ಈ ಪರೀಕ್ಷೆ ಬಿಡಬೇಡಿ.

ಹಲಗೆ ಕತ್ತರಿಸಿ, ಅಂಚಿನಲ್ಲಿ ಗೇಣಿಗೊಂದು ತೂತು ಕೊರೆದು, ಸುಟ್ಟ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿಯಲ್ಲಿ ಗೋಣಿಚೀಲದಂತೆ ಹೊಲಿದೆ. ಒಳಮೂಲೆಗೆ ಎಪಾಕ್ಸಿ ಮತ್ತು ಸಣ್ಣ ಮರದ ಹಿಟ್ಟು ಕಲಸಿದ ಮುದ್ದೆ ಮೆತ್ತಿ, ಚಮಚದ ಬೆನ್ನಿನಿಂದ ಎಳೆದು, ಮೇಲೆ ಗಾಜುನಾರಿನ ಪಟ್ಟಿ. ಏಪ್ರಿಲ್ ಮಧ್ಯಾಹ್ನ ಆತುರಕ್ಕೆ ಲೋಟ ತುಂಬ ಕಲಸಿಬಿಟ್ಟೆ. ಐದೇ ನಿಮಿಷಕ್ಕೆ ಹೊಗೆಯಾಡಿ ಲೋಟವೇ ಕರಗಿತು. ಆಮೇಲೆ ಸ್ವಲ್ಪಸ್ವಲ್ಪವೇ, ಅದೂ ಅಗಲ ತಟ್ಟೆಯಲ್ಲಿ.

ಅಂಚುಪಟ್ಟಿಗೆ ಆಚಾರ್ರು ಹೆಬ್ಬಲಸು ಕೊಟ್ಟರು. ಹಾಯಿಕಂಬಕ್ಕೆ ಅಪ್ಪನ ಕಾರ್ಬನ್ ಫೈಬರ್ ದೋಟಿಯ ಮೇಲೆ ಕಣ್ಣಿತ್ತು. “ಮುಟ್ಟಿ ನೋಡು” ಅಂದರು. ಬಿದಿರೇ ಗತಿಯಾಯಿತು. ಹಾಯಿ ಟಾರ್ಪಾಲಿನದು. ದರ್ಜಿ ನಾಲ್ಕೂ ಅಂಚು ನೇರ ಹೊಲಿದಿದ್ದರಿಂದ ಒಣಹಾಕಿದ ಪಂಚೆಯ ಹಾಗೆ ಜೋತುಬಿತ್ತು. ಕಂಬದ ಕಡೆ ಅಂಚನ್ನು ನಡುವಿನಲ್ಲಿ ಎರಡಿಂಚು ಉಬ್ಬಿಸಿ ಹೊಲಿಸಿದ ಮೇಲೆ ಹೊಟ್ಟೆ ಬಂತು. ಸೀಟಿನಡಿ 20 ಲೀಟರಿನ ಮೂರು ಖಾಲಿ ಕ್ಯಾನ್ ಬಿಗಿದೆ, ಮಗುಚಿದರೂ ಮುಳುಗಬಾರದಲ್ಲ. ಲೈಫ್ ಜಾಕೆಟ್ ಅಂತೂ ಬೇಕೇ ಬೇಕು.

ನೀರಿಗಿಳಿಸಿದ್ದು ಮೇ ತಿಂಗಳಲ್ಲಿ. ಅಂಟು ಒಣಗುವ ಕಾಲವೇ ಹಿನ್ನೀರು ಇಳಿಯುವ ಕಾಲ ಎಂಬುದು ಹಿನ್ನೀರ ದಂಡೆಯಲ್ಲೇ ಬೆಳೆದ ನನಗೆ ಹೊಳೆಯಲಿಲ್ಲ, ನೋಡಿ! 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಆಗ ನೀರಿನ ಮಟ್ಟಕ್ಕೆ ಗೇಣು ಕೆಳಗೆ ನಿಂತಿರುತ್ತವೆ. ಗಾಳಿ ಹಿಡಿದು ಹತ್ತು ನಿಮಿಷ ಓಡಿರಬೇಕು, ದೋಣಿ ಗಾಳಿಗೆ ಅಡ್ಡಡ್ಡ ಜಾರದಿರಲೆಂದು ನಡುವಿನ ಸೀಳಿನಿಂದ ನೇರ ನೀರಿಗಿಳಿಸಿದ ಹಲಗೆ ಬೊಡ್ಡೆಗೆ ಬಡಿಯಿತು. ನಾನು ಮುಗ್ಗರಿಸಿ ಮೂತಿಗೆ ಬಂದೆ. ಸೀಳಿನ ಬುಡ ಬಿರುಕುಬಿಟ್ಟು ನೀರು ಒಸರತೊಡಗಿತು. ಚೊಂಬಿನಲ್ಲಿ ಮೊಗೆಯುತ್ತ ದಡಕ್ಕೆ ಬಂದೆ.

ಆ ಸೀಳನ್ನು ಪೂರ್ತಿ ಮುಚ್ಚಿಬಿಟ್ಟೆ. ಈಗ ಹಲಗೆಯನ್ನು ದೋಣಿಯ ಬಲಮಗ್ಗುಲಿಗೆ ಒಂದೇ ಬೋಲ್ಟಿನಲ್ಲಿ ತೂಗುಹಾಕಿದ್ದೇನೆ. ಒಂದು ದಿಕ್ಕಿಗೆ ಹೋಗುವಾಗ ಹಿಡಿತ ತುಸು ಕಮ್ಮಿ, ಒಪ್ಪುತ್ತೇನೆ. ಆದರೆ ಬೊಡ್ಡೆ ತಗುಲಿದರೆ ಹಲಗೆ ತಾನೇ ಹಿಂದಕ್ಕೆ ಮೇಲೇಳುತ್ತದೆ, ದೋಣಿ ಸಾಗುತ್ತದೆ.